ಹೆಣ ಬಿದ್ದಿದ್ದಕ್ಕೆ ಸಿಟ್ಟಾದ ಆಟಗಾರರು

2015ರ ಜುಲೈನಲ್ಲಿ ಕೆನಡಾದ ವ್ಯಾಂಕೂವರ್‌ನ ರೆಡ್ ಹುಕ್ ಎಂಬ ಸಣ್ಣ ಸ್ಟುಡಿಯೊ ತನ್ನ ‘ಡಾರ್ಕೆಸ್ಟ್ ಡಂಜನ್’ ಗೇಮಿಗೆ ಒಂದು ಅಪ್‌ಡೇಟ್ ಬಿಟ್ಟಿತು. ಗೇಮ್ ಆಗಿನ್ನೂ ಪೂರ್ತಿಯಾಗಿರಲಿಲ್ಲ. ಆ ವರ್ಷದ ಫೆಬ್ರುವರಿಯಿಂದ ‘ಅರ್ಲಿ ಆಕ್ಸೆಸ್’ ಪದ್ಧತಿಯಲ್ಲಿ ಮಾರಾಟಕ್ಕಿತ್ತು. ಅಂದರೆ ಕೆಲಸ ಮುಗಿಯುವ ಮೊದಲೇ ಜನ ದುಡ್ಡು ಕೊಟ್ಟು ಆಡಬಹುದು, ಆಡುತ್ತಾ ಅಭಿಪ್ರಾಯ ಹೇಳಬಹುದು. ಹೊಸ ಅಪ್‌ಡೇಟ್‌ನಲ್ಲಿ ಎರಡು ಮುಖ್ಯ ಬದಲಾವಣೆಗಳಿದ್ದವು. ಕೊಂದ ಶತ್ರುವಿನ ಹೆಣ ಮಾಯವಾಗದೆ ಅಲ್ಲೇ ಬಿದ್ದಿರುತ್ತದೆ. ಮಾನಸಿಕ ಒತ್ತಡ 200ನ್ನು ಮುಟ್ಟಿದರೆ ನಮ್ಮ ಕಡೆಯ ವೀರನಿಗೆ ಹೃದಯಾಘಾತವಾಗುತ್ತದೆ. ಆಟಗಾರರು ಕೆಂಡಾಮಂಡಲವಾದರು.

ಹೆಣದ ಮೇಲೆ ಅಷ್ಟೊಂದು ಸಿಟ್ಟೇಕೆ ಎಂದು ತಿಳಿಯಲು ಆಟದ ರೀತಿಯನ್ನು ಸ್ವಲ್ಪ ನೋಡಬೇಕು. ಇಲ್ಲಿ ನಾಲ್ವರು ವೀರರು ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲುತ್ತಾರೆ. ಎದುರಾಳಿಗಳೂ ಹಾಗೆಯೇ. ಯಾರ ಹೊಡೆತ ಯಾವ ಸ್ಥಾನದವರೆಗೆ ಮುಟ್ಟುತ್ತದೆ ಎಂಬ ಲೆಕ್ಕಾಚಾರವೇ ಆಟದ ಜೀವಾಳ. ಆದರೆ ಮುಂದಿದ್ದ ಶತ್ರು ಸತ್ತ ಕೂಡಲೇ ಹಿಂದಿನವನು ತಾನಾಗಿ ಮುಂದಕ್ಕೆ ಸರಿಯುತ್ತಿದ್ದ. ಹೀಗಾಗಿ ಮುಂದಿನವರನ್ನೇ ಬಡಿಯುತ್ತಾ ಹೋದರೆ ಸಾಕಾಗುತ್ತಿತ್ತು, ಹಿಂದಿನ ಸಾಲಿಗೆ ಗುರಿಯಿಡುವ ಕೌಶಲಗಳಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಹೆಣ ಜಾಗ ಹಿಡಿದು ಬಿದ್ದಿದ್ದರೆ ಹಿಂದಿನವನು ಹಿಂದೆಯೇ ಉಳಿಯುತ್ತಾನೆ, ಆಟಗಾರ ಯೋಚಿಸಬೇಕಾಗುತ್ತದೆ. ವಿನ್ಯಾಸದ ದೃಷ್ಟಿಯಿಂದ ಇದು ಒಳ್ಳೆಯ ತಿದ್ದುಪಡಿ. ಆದರೆ ತಿಂಗಳುಗಟ್ಟಲೆ ಒಂದು ಕ್ರಮದಲ್ಲಿ ಆಡಿ ಪಳಗಿದವರಿಗೆ ಅದು ತಮ್ಮ ಕೈಯಲ್ಲಿದ್ದುದನ್ನು ಕಿತ್ತುಕೊಂಡಂತೆ ಕಂಡಿತು.

ರೆಡ್ ಹುಕ್ ಕೊನೆಗೆ ಒಂದು ದಾರಿ ಹಿಡಿಯಿತು. ಹೆಣ ಮತ್ತು ಹೃದಯಾಘಾತ ಎರಡನ್ನೂ ಉಳಿಸಿಕೊಂಡು, ಬೇಡವೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಅವನ್ನು ತೆಗೆದುಹಾಕುವ ಆಯ್ಕೆ ಕೊಟ್ಟಿತು. 2016ರ ಜನವರಿಯಲ್ಲಿ ಪೂರ್ಣ ಗೇಮ್ ಹೊರಬಂದಾಗಲೂ ಹೆಣಗಳಿದ್ದವು. ಸ್ಟುಡಿಯೊ ಸಂಸ್ಥಾಪಕರಲ್ಲೊಬ್ಬರಾದ ಟೈಲರ್ ಸಿಗ್ಮನ್ ಆ ವರ್ಷದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಈ ಆಟದ ವಿನ್ಯಾಸದ ಹುಟ್ಟು-ಬೆಳವಣಿಗೆಯನ್ನು ಬಿಡಿಸಿ ಹೇಳಿದರು.

ಗೇಮ್ ತಯಾರಾಗುತ್ತಿರುವಾಗಲೇ ಬೇರೆಯವರ ಕೈಗೆ ಕೊಟ್ಟು ಆಡಿಸಿ ನೋಡುವುದಕ್ಕೆ ಆ ವಲಯದಲ್ಲಿ ಪ್ಲೇಟೆಸ್ಟಿಂಗ್ ಎನ್ನುತ್ತಾರೆ. ಪಾತ್ರವೊಂದನ್ನು ಆರಿಸಿಕೊಂಡು, ಅದನ್ನು ಬೆಳೆಸುತ್ತಾ, ಕಥೆಯೊಳಗೆ ಸಾಗುವ ರೋಲ್ ಪ್ಲೇಯಿಂಗ್ ಗೇಮ್‌ಗಳಿಗೆ, ಅಂದರೆ ಆರ್‌ಪಿಜಿಗಳಿಗೆ, ಈ ಪರೀಕ್ಷೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಈ ಬಗೆಯ ಆಟಗಳ ಮೂಲಪುರುಷ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಅಚ್ಚಾದದ್ದು 1974ರಲ್ಲಿ. ಅದಕ್ಕೂ ಮುಂಚೆ ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ತಮ್ಮ ನೆಲಮಾಳಿಗೆ ಸಾಹಸವನ್ನು ಮೊದಲು ಆಡಿಸಿದ್ದು ಮನೆಯ ಮಕ್ಕಳಾದ ಅರ್ನಿ ಮತ್ತು ಎಲೀಸ್ ಮೇಲೆ. ಅದೇ ಆಟದ ಐದನೇ ಆವೃತ್ತಿ 2014ರಲ್ಲಿ ಬರುವ ಹೊತ್ತಿಗೆ ಪರೀಕ್ಷಕರ ಸಂಖ್ಯೆ 1,75,000 ದಾಟಿತ್ತು.

ಪುಟ್ಟ ತಂಡಗಳಿಗೆ ಅಷ್ಟು ಜನ ಎಲ್ಲಿಂದ ಸಿಗಬೇಕು? ಮೊದಲು ಸಿಗುವವರು ಗೆಳೆಯರು, ನೆಂಟರು. ಅವರು ಮುಖ ನೋಡಿ ಮಾತಾಡುತ್ತಾರೆ, ‘ಚೆನ್ನಾಗಿದೆ’ ಎಂದು ಎದ್ದು ಹೋಗುತ್ತಾರೆ. ಆ ಮಾತಿನಿಂದ ಉಪಯೋಗವಿಲ್ಲ. ಅದಕ್ಕೇ ಅನುಭವಸ್ಥ ವಿನ್ಯಾಸಕರು ಅಪರಿಚಿತರನ್ನು ಕೂರಿಸಿ, ಹಿಂದೆ ನಿಂತು, ಬಾಯಿ ಬಿಡದೆ ನೋಡುತ್ತಾರೆ. ಆಟಗಾರ ಬಾಗಿಲು ಕಾಣದೆ ಗೋಡೆ ಸುತ್ತುತ್ತಿದ್ದರೂ ‘ಅಲ್ಲಿ ಒತ್ತಿ’ ಎನ್ನುವಂತಿಲ್ಲ. ಆಟ ಮಾಡಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಾರದು. ಆದರೆ ನಾಳೆ ಆಟ ಕೊಂಡವರ ಮನೆಯಲ್ಲಿ ಹೇಳಿಕೊಡಲು ಯಾರೂ ಇರುವುದಿಲ್ಲವಲ್ಲ. ಹೀಗೆ ಮೊದಲ ಸಲ ಆಡುವ ಕಣ್ಣು ಒಬ್ಬರಲ್ಲಿ ಒಂದೇ ಬಾರಿ ಸಿಗುತ್ತದೆ. ಎರಡನೇ ಸಲ ಬಂದವರಿಗೆ ಬಾಗಿಲು ಎಲ್ಲಿದೆ ಎಂದು ಗೊತ್ತಿರುತ್ತದೆ. ಆದ್ದರಿಂದ ಜಾಣ ತಂಡಗಳು ಹೊಸಬರನ್ನು ಒಮ್ಮೆಲೇ ಖರ್ಚು ಮಾಡದೆ, ಹಂತಹಂತವಾಗಿ ಕರೆಯುತ್ತವೆ.

ಇನ್ನು ಆಟಗಾರರು ಬಾಯಿಬಿಟ್ಟು ಹೇಳುವ ಮಾತಿನ ವಿಚಾರ. ಸಾರು ಉಂಡವರು ಉಪ್ಪು ಕಡಿಮೆ ಎನ್ನುತ್ತಾರೆ, ನೋಡಿದರೆ ಕಡಿಮೆಯಾದದ್ದು ಹುಳಿ. ಏನೋ ಕೊರತೆಯಿದೆ ಎಂಬುದು ನಿಜ, ಹೇಳಿದ ಕಾರಣ ಮಾತ್ರ ಬೇರೆ. ಇದಕ್ಕೆ ಗೇಮ್ ಲೋಕದ ಪ್ರಸಿದ್ಧ ಸಾಕ್ಷಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. ಇದು ಬ್ಲಿಜಾರ್ಡ್ ಎಂಬ ದೊಡ್ಡ ಕಂಪನಿಯದು, ಪುಟ್ಟ ಸ್ವತಂತ್ರ ತಂಡದ್ದಲ್ಲ. ಆದರೂ ಪಾಠ ಎಲ್ಲರಿಗೂ ಸಲ್ಲುತ್ತದೆ. 2004ರ ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲಿ, ಬಹಳ ಹೊತ್ತು ಆಡಿದವರಿಗೆ ಸಿಗುವ ಅನುಭವಾಂಕ ಅರ್ಧಕ್ಕಿಳಿಯುವಂತೆ ಮಾಡಲಾಗಿತ್ತು. ಜನ ಎದ್ದು ಹೋಗಿ ವಿಶ್ರಾಂತಿ ತೆಗೆದುಕೊಳ್ಳಲಿ ಎಂಬ ಸದುದ್ದೇಶ. ಆಟಗಾರರು ಇದನ್ನು ದಂಡವೆಂದು ಬೈದರು. ತಂಡ ಲೆಕ್ಕವನ್ನು ತಿರುಗಿಸಿ ಹಾಕಿತು. ಅರ್ಧವಾಗಿದ್ದುದನ್ನು ‘ಸಾಮಾನ್ಯ’ ಎಂದು ಕರೆದು, ಮೊದಲಿದ್ದುದನ್ನು ವಿಶ್ರಾಂತಿ ಪಡೆದವರಿಗೆ ಸಿಗುವ ‘200 ಪ್ರತಿಶತ’ ಬೋನಸ್ ಎಂದಿತು, ಮೇಲಿನ ಹಂತಕ್ಕೇರಲು ಬೇಕಾದ ಅಂಕಗಳನ್ನೂ ಅದಕ್ಕೆ ಹೊಂದಿಸಿತು. ಕೂಡಿ ಕಳೆದರೆ ಏನೂ ಬದಲಾಗಿರಲಿಲ್ಲ. ಆಟಗಾರರು ಮಾತ್ರ ಖುಷಿಯಾದರು.

ದಾಳದ, ಅಂದರೆ ಅದೃಷ್ಟದ, ವಿಷಯದಲ್ಲಂತೂ ಮನುಷ್ಯರ ದೂರು ಗಣಿತಕ್ಕೆ ಸೊಪ್ಪು ಹಾಕುವುದೇ ಇಲ್ಲ. ‘ಸಿವಿಲೈಸೇಶನ್’ ಆಟಗಳ ಕರ್ತೃ ಸಿಡ್ ಮೇಯರ್ 2010ರ ಭಾಷಣವೊಂದರಲ್ಲಿ ಇದನ್ನು ವಿವರಿಸಿದ್ದರು. ಬಲ ಮೂರಕ್ಕೆ ಒಂದು ಇದ್ದಾಗ ನಾಲ್ಕು ಯುದ್ಧಗಳಲ್ಲಿ ಒಂದನ್ನು ಸೋಲುವುದು ನ್ಯಾಯ. ಪರೀಕ್ಷಕರಿಗೆ ಅದು ಮೋಸವೆನಿಸಿತು. ಆದರೆ ಬಲ ಒಂದಕ್ಕೆ ಮೂರಾಗಿ ತಾವೇ ದುರ್ಬಲರಿದ್ದಾಗ ಆಗೊಮ್ಮೆ ಈಗೊಮ್ಮೆ ಗೆದ್ದರೆ ಯಾರೂ ತಕರಾರು ಮಾಡಲಿಲ್ಲ! ಜಪಾನಿನ ‘ಫೈರ್ ಎಂಬ್ಲಮ್’ ಸರಣಿಯ ಹಲವು ಆಟಗಳು ಮನುಷ್ಯರ ಈ ಸ್ವಭಾವಕ್ಕೆ ಗುಟ್ಟಾಗಿ ಹೊಂದಿಕೊಂಡಿವೆ. ಪರದೆಯ ಮೇಲೆ 90 ಪ್ರತಿಶತ ಎಂದು ತೋರಿಸಿದ ಹೊಡೆತ ನಿಜದಲ್ಲಿ ಸುಮಾರು 98 ಪ್ರತಿಶತ ತಾಗುತ್ತದೆ. ಒಂದರ ಬದಲು ಎರಡು ಸಂಖ್ಯೆ ಎತ್ತಿ ಸರಾಸರಿ ತೆಗೆಯುವುದರ ಫಲ ಅದು.

ಬೆಲ್ಜಿಯಂನ ಲ್ಯಾರಿಯನ್ ಸ್ಟುಡಿಯೋಸ್ ಕೂಡ ಇದೇ ಸುಳಿಗೆ ಸಿಕ್ಕಿತು. ಗಾತ್ರದಲ್ಲಿ ದೊಡ್ಡದಾದರೂ ತನ್ನ ಆಟವನ್ನು ತಾನೇ ಪ್ರಕಟಿಸುವ ಸ್ವತಂತ್ರ ಸಂಸ್ಥೆ ಅದು. ಅದರ ‘ಬಾಲ್ಡರ್ಸ್ ಗೇಟ್ 3’ 2020ರ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ಬಂತು. ಸಾಲಾಗಿ ಸೋಲಿನ ದಾಳವೇ ಬೀಳುತ್ತಿದೆ ಎಂದು ಜನ ಗೊಣಗಿದ ಮೇಲೆ, ದಾಳದ ಅತಿರೇಕಗಳನ್ನು ತಗ್ಗಿಸುವ ಆಯ್ಕೆಯನ್ನು ಸ್ಟುಡಿಯೊ ಸೇರಿಸಿತು. ಶಕುನಿಯ ದಾಳವನ್ನು ಶಪಿಸುತ್ತಾ ಬೆಳೆದ ನಮಗೆ, ಆಡುವವರೇ ಬಯಸಿ ಪಡೆದ ಈ ದಾಳ ಸ್ವಲ್ಪ ವಿಚಿತ್ರ ಅನಿಸಬಹುದು.

ಆಟ ಅರ್ಲಿ ಆಕ್ಸೆಸ್‌ಗೆ ಬಂದ ಆ ಅಕ್ಟೋಬರ್‌ನಲ್ಲೇ ಲ್ಯಾರಿಯನ್ ಇನ್ನೊಂದು ಮೋಜಿನ ಅಂಶ ಹೊರಗೆಡವಿತ್ತು. ಆಟಗಾರರು ಪಾತ್ರಕ್ಕೆ ಕೊಟ್ಟ ರೂಪಗಳಲ್ಲಿ ಅತಿ ಜನಪ್ರಿಯವಾದವನ್ನೆಲ್ಲ ಕೂಡಿಸಿ ನೋಡಿದರೆ ಕೊಂಬು, ಬಾಲ ಏನೂ ಇಲ್ಲದ ತೀರಾ ಸಾಧಾರಣ ಮುಖವೊಂದು ಬಂದಿತ್ತು. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ್ದು ಇದಕ್ಕೇನಾ ಎಂದು ಸ್ಟುಡಿಯೊ ತಮಾಷೆಯಾಗಿ ಗದರಿತು. ಕೇಳಿದರೆ ಎಲ್ಲರೂ ವೈವಿಧ್ಯ ಬೇಕೆನ್ನುತ್ತಾರೆ, ಬೆರಳು ಒತ್ತುವುದು ಬೇರೆ ಕಡೆ. ಮಾತಿನ ಜೊತೆಗೆ ಅಂಕಿಅಂಶವನ್ನೂ ಕಲೆಹಾಕುವುದು ಈ ಕಾರಣಕ್ಕೆ.

ಲ್ಯಾರಿಯನ್ ಪರೀಕ್ಷೆಗಿಟ್ಟಿದ್ದು ಕಥೆಯ ಮೊದಲ ಅಂಕವನ್ನು ಮಾತ್ರ. 2023ರ ಆಗಸ್ಟ್ 3ರಂದು ಪೂರ್ಣ ಗೇಮ್ ಬಂದಾಗ ಮೂರು ವರ್ಷ ಜನರ ಕೈಯಲ್ಲಿ ಸವೆದ ಆ ಭಾಗ ನಯವಾಗಿತ್ತು. ತೊಡಕು, ದೋಷಗಳ ದೂರು ಹೆಚ್ಚಾಗಿ ಬಂದದ್ದು ಮೂರನೇ ಅಂಕದ ಮೇಲೆ. ಕಥೆ ಥಟ್ಟನೆ ಮುಗಿದುಹೋಯಿತು ಎಂಬ ಅಸಮಾಧಾನಕ್ಕೆ ಉತ್ತರವಾಗಿ ಆ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಉಪಸಂಹಾರವೊಂದು ಸೇರಿತು. ಹತ್ತಾರು ಗಂಟೆ ಹಿಡಿಯುವ ಆರ್‌ಪಿಜಿಯ ಕೊನೆಯನ್ನು ಪರೀಕ್ಷಿಸುವುದು ನಿಜಕ್ಕೂ ಕಷ್ಟ. ಕೊನೆಯನ್ನು ಮೊದಲೇ ತೋರಿಸಿದರೆ ಕಥೆಯ ಗುಟ್ಟು ರಟ್ಟಾಗುತ್ತದೆ, ತೋರಿಸದಿದ್ದರೆ ಹುಳುಕು ಉಳಿಯುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದ ಸೂಪರ್‌ಜೈಂಟ್ ಗೇಮ್ಸ್ ಈ ಇಕ್ಕಟ್ಟನ್ನು ಚೆನ್ನಾಗಿ ನಿಭಾಯಿಸಿತು. ಅದರ ‘ಹೇಡಿಸ್’ 2018ರ ಡಿಸೆಂಬರ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ಅರ್ಲಿ ಆಕ್ಸೆಸ್‌ನಲ್ಲಿತ್ತು. ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಟ ರಾಜಕುಮಾರ ಸತ್ತು ಸತ್ತು ಮರಳಿ ಅರಮನೆಗೇ ಬೀಳುವುದು ಅದರ ಕಥೆ. ಹೀಗಾಗಿ ಅಪೂರ್ಣ ಆಟವನ್ನು ಮತ್ತೆ ಮತ್ತೆ ಆಡುವುದೂ ಕಥೆಗೆ ಒಪ್ಪುತ್ತಿತ್ತು. ಕಥೆಯ ನಿಜವಾದ ಅಂತ್ಯವನ್ನು ಮಾತ್ರ ಪೂರ್ಣ ಆವೃತ್ತಿಗೆಂದು ಕಾದಿರಿಸಿದರು. ಕಥೆ ಇಷ್ಟ, ಆದರೆ ಹೋರಾಟ ತುಂಬಾ ಕಠಿಣ ಎನ್ನುವವರಿಗಾಗಿ ‘ಗಾಡ್ ಮೋಡ್’ ಬಂತು. ಅದನ್ನು ಹಾಕಿಕೊಂಡವರಿಗೆ ತಗಲುವ ಪೆಟ್ಟು ಶುರುವಿನಲ್ಲೇ 20 ಪ್ರತಿಶತ ಕಡಿಮೆ. ಅಲ್ಲಿಂದ ಮುಂದೆ ಪ್ರತಿ ಸಾವಿಗೂ ಇನ್ನೆರಡು ಪ್ರತಿಶತ ಇಳಿಕೆ, ಗರಿಷ್ಠ 80. ‘ಆಟ ಸುಲಭ ಮಾಡಿ’ ಎಂಬ ಬೇಡಿಕೆಗೆ ಶತ್ರುಗಳನ್ನೆಲ್ಲ ಮೆತ್ತಗೆ ಮಾಡುವುದು ಸುಲಭದ ದಾರಿಯಾಗಿತ್ತು. ಅವರು ಕೊಟ್ಟದ್ದು ಅದಕ್ಕಿಂತ ಜಾಣ ಉತ್ತರ. 2021ರಲ್ಲಿ ವಿಡಿಯೊ ಗೇಮ್‌ಗೆಂದು ಇಟ್ಟ ವಿಶೇಷ ಹ್ಯೂಗೊ ಪ್ರಶಸ್ತಿ ಈ ಆಟಕ್ಕೆ ಸಂದಿತು.

ಇಷ್ಟೂ ಪ್ರಸಂಗಗಳಲ್ಲಿ ಆಟಗಾರರಿಗಾದ ಕಿರಿಕಿರಿ ಸುಳ್ಳಾಗಿರಲಿಲ್ಲ. ಆದರೆ ಅವರು ಬರೆದುಕೊಟ್ಟ ಪರಿಹಾರವನ್ನು ಅಕ್ಷರಶಃ ಜಾರಿಗೆ ತಂದು ಗೆದ್ದವರು ಇವರಲ್ಲಿ ಯಾರೂ ಇಲ್ಲ.

ಸ್ಟೀಮ್‌ನಂಥ ಆನ್‌ಲೈನ್ ಗೇಮ್ ಮಳಿಗೆಗಳಲ್ಲಿ ಅರ್ಧ ಮುಗಿದ ಆರ್‌ಪಿಜಿಗಳು ಪರೀಕ್ಷಕರಿಗಾಗಿ ಈಗಲೂ ಕಾದಿವೆ. ಕೆಲವನ್ನು ಪುಕ್ಕಟೆಯಾಗಿಯೇ ಆಡಬಹುದು. ಕನ್ನಡದ ಓದುಗರೂ ಕೈಹಾಕಬಹುದು. ಆಡಿದ ಮೇಲೆ ‘ಸೂಪರ್’ ಎಂದೋ ‘ಬೋರು’ ಎಂದೋ ಬರೆದು ಸುಮ್ಮನಾಗಬೇಡಿ, ಹೊಸ ಆಯುಧಗಳ ಪಟ್ಟಿಯನ್ನೂ ಕಳಿಸಬೇಡಿ. ಎಲ್ಲಿ ನಿಂತಿರಿ, ಆಗ ಏನಾಗಬಹುದೆಂದು ಎಣಿಸಿದ್ದಿರಿ, ಆದದ್ದೇನು, ಯಾವ ಗಳಿಗೆಯಲ್ಲಿ ಆಟ ಮುಚ್ಚಿ ಎದ್ದುಬಿಡೋಣ ಅನಿಸಿತು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ.