ಕಾರಿನೊಳಗೆ ಪೆಟ್ರೋಲಿನ ವಾಸನೆ

ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲನ್ನು ತೆರೆದೊಡನೆ ಕೆಲವೊಮ್ಮೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಹತ್ತಿ ಕುಳಿತು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ಮಾಯವಾದಂತೆ ತೋರುತ್ತದೆ. ಒಳಗಿರುವವರು ಅದನ್ನು ಮರೆತುಬಿಡುತ್ತಾರೆ. ಆದರೆ ಮಾಯವಾದುದು ವಾಸನೆಯೋ, ಅದನ್ನು ತಿಳಿಯುವ ಮೂಗಿನ ಶಕ್ತಿಯೋ?

ಪೆಟ್ರೋಲು ಬಹು ಬೇಗನೆ ಆವಿಯಾಗುವ ದ್ರವ. ಸೊನ್ನೆಗಿಂತ ೪೦ ಡಿಗ್ರಿ ಸೆಂಟಿಗ್ರೇಡು ಕೆಳಗಿನ ಚಳಿಯಲ್ಲಿಯೂ ಅದು ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಹೊರಸೂಸಬಲ್ಲದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ಶೇಖರವಾಗುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗ ಆವಿಯಿದ್ದರೂ ಮೂಗು ಅದನ್ನು ಗುರುತಿಸುತ್ತದೆ; ಬೆಂಕಿ ಹತ್ತಲು ಸುಮಾರು ೧೪,೦೦೦ ಭಾಗಗಳು ಬೇಕು. ಮೂಗು ಕೊಡುವ ಎಚ್ಚರಿಕೆ ಎಷ್ಟು ಮುಂಚಿತವಾದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಆವಿ ಎಲ್ಲಿಂದ ಬರುತ್ತದೆ? ಮೊದಲು ಟ್ಯಾಂಕನ್ನು ನೋಡೋಣ. ಕಾದಂತೆಲ್ಲ ಪೆಟ್ರೋಲು ಹಿಗ್ಗುತ್ತದೆ. ೪೦ ಲೀಟರು ಪೆಟ್ರೋಲಿನ ಉಷ್ಣತೆ ೧೫ ಡಿಗ್ರಿ ಏರಿದರೆ ಅದರ ಗಾತ್ರ ಅರ್ಧ ಲೀಟರಿಗಿಂತ ಹೆಚ್ಚಾಗಿ ಬೆಳೆಯುತ್ತದೆ. ಹಿಂದೆ ಟ್ಯಾಂಕಿನ ಆವಿಯನ್ನು ಹೊರಗಾಳಿಗೇ ಬಿಡುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೭೦ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಇದಕ್ಕೆ ತಡೆ ಬಂದಿತು. ಈಗಿನ ಪೆಟ್ರೋಲು ಕಾರುಗಳಲ್ಲಿ ಇದಕ್ಕೆಂದೇ ಇದ್ದಿಲು ತುಂಬಿದ ಡಬ್ಬಿಯಿರುತ್ತದೆ. ಇದ್ದಿಲಿನ ಅಸಂಖ್ಯ ಸೂಕ್ಷ್ಮರಂಧ್ರಗಳು ಆವಿಯನ್ನು ಹಿಡಿದಿಟ್ಟುಕೊಂಡು, ಎಂಜಿನು ನಡೆಯುವಾಗ ಅದನ್ನು ಎಂಜಿನಿಗೇ ಒಪ್ಪಿಸುತ್ತವೆ. ಬಂಕಿನಲ್ಲಿ ಪಂಪು ತಾನಾಗಿ ನಿಂತ ಮೇಲೂ ಲೆಕ್ಕದ ರೂಪಾಯಿ ಸರಿಯಾಗಲೆಂದು ಇನ್ನಷ್ಟು ಹಾಕಿಸಿದರೆ, ಹಿಗ್ಗಲು ಎಡೆಯಿಲ್ಲದ ಪೆಟ್ರೋಲು ದ್ರವರೂಪದಲ್ಲಿಯೇ ಈ ಡಬ್ಬಿಯನ್ನು ಸೇರಿ ಇದ್ದಿಲನ್ನು ಕೆಡಿಸಬಹುದು.

ಟ್ಯಾಂಕಿನ ಮುಚ್ಚಳದ ರಬ್ಬರು ಬಿರುಕು ಬಿಟ್ಟರೂ ಆವಿ ಸೋರುತ್ತದೆ. ಹಲವು ಕಾರುಗಳಲ್ಲಿ ಹಿಂದಿನ ಆಸನದ ಕೆಳಗೆ, ಟ್ಯಾಂಕಿನೊಳಗೆ, ಪೆಟ್ರೋಲು ಪಂಪು ಇರುತ್ತದೆ. ಅದರ ರಬ್ಬರು ಉಂಗುರ ಸವೆದರೆ ಹಿಂದೆ ಕುಳಿತವರಿಗೆ ವಾಸನೆ ಹೆಚ್ಚು. ಮುಂಭಾಗದಲ್ಲಿ ವಾಸನೆ ಹೆಚ್ಚಾಗಿದ್ದರೆ ಎಂಜಿನಿನ ಬಳಿಯ ಕೊಳವೆಗಳನ್ನು ಸಂಶಯಿಸಬೇಕು. ಬಿಸಿಗೆ ಒಣಗಿ ಸೀಳಿದ ಕೊಳವೆಯಿಂದ ಹೊರಟ ಆವಿಯು ಮುಂಗಾಜಿನ ಬುಡದ ಗಾಳಿಕಿಂಡಿಯ ಮೂಲಕ ಒಳಗೆ ಬರುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ದೇವರ ಕೋಣೆಯಲ್ಲಿ ಬಹಳ ಹೊತ್ತು ಕುಳಿತವರಿಗೆ ಊದುಬತ್ತಿಯ ಪರಿಮಳ ತಿಳಿಯುವುದಿಲ್ಲ. ಹೊರಗಿನಿಂದ ಬಂದವರಿಗೆ ಒಡನೆಯೇ ತಿಳಿಯುತ್ತದೆ. ಒಂದೇ ವಾಸನೆಗೆ ಮೂಗು ಬೇಗನೆ ಒಗ್ಗಿಹೋಗುವುದೇ ಇದಕ್ಕೆ ಕಾರಣ. ಕಾರು ಓಡುವಾಗ ಗಾಳಿಯಾಡಿ ಆವಿ ತುಸು ಕಡಮೆಯಾಗಲೂಬಹುದು. ಆದರೆ ಸೋರುವ ಕೊಳವೆ ತಾನಾಗಿ ಮುಚ್ಚಿಕೊಳ್ಳದು. ಪೆಟ್ರೋಲಿನಲ್ಲಿರುವ ಬೆಂಜೀನು ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುವೆಂಬುದನ್ನೂ ಮರೆಯಬಾರದು.

ಆದುದರಿಂದ ವಾಸನೆ ಬಂದೊಡನೆ ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಎಲ್ಲರೂ ಇಳಿಯಬೇಕು. ಬೆಂಕಿಕಡ್ಡಿ, ಬೀಡಿಗಳು ದೂರವಿರಲಿ. ಕೆಳಗೆ ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ಕಾರನ್ನು ಮತ್ತೆ ನಡೆಸದೆ ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸುವುದು ಲೇಸು. ಮೂಗು ಮೊದಲ ಕ್ಷಣದಲ್ಲಿ ಹೇಳಿದ ಮಾತೇ ನಂಬತಕ್ಕುದು. ಆಮೇಲಿನ ಅದರ ಮೌನವಲ್ಲ.