ಹಳೆಯ ಮಾರುತಿಯನ್ನು ಮಾರಬೇಕೇ?

ಕೆ.ಜಿ.ಎಫ್.ನ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಕೆಎ-08 ಸಂಖ್ಯೆಯ ಆ ಪುಟ್ಟ ಕಾರು ನಿಮ್ಮ ಮನೆಯ ಮುಂದೆ ಇನ್ನೂ ನಿಂತಿರಬಹುದು. ಬೆಂಗಳೂರಿನ ದುಡಿಮೆಗೆ ರೈಲಿದೆ, ನಿಜ. ಆದರೆ ನಡುರಾತ್ರಿ ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ, ಬಂಗಾರಪೇಟೆಯಲ್ಲಿರುವ ತಂಗಿಗೆ ಹುಷಾರಿಲ್ಲವೆಂದು ಫೋನ್ ಬಂದರೆ ರೈಲನ್ನು ಕಾಯಲಾದೀತೇ? ಅದನ್ನು ಮಾರಿದ ಹಣಕ್ಕೆ ಇನ್ನೊಂದು ಕಾರಂತೂ ಬರುವುದಿಲ್ಲ.

ಇಟ್ಟುಕೊಳ್ಳಿ. ಆದರೆ ಲೆಕ್ಕ ಹಾಕಿ. 15 ವರ್ಷ ತುಂಬಿದ ಮೇಲೆ ಆರ್.ಸಿ.ಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನ ಆದೇಶದಂತೆ 10,000 ರೂಪಾಯಿ. ಹಸಿರು ತೆರಿಗೆ ಬೇರೆ.

ಈ ಹಣ ಕಟ್ಟುವ ಮೊದಲು ಕಾರಿನ ತಳ ನೋಡಿ. ಮ್ಯಾಟ್ ಎತ್ತಿ ತುಕ್ಕು ಹಿಡಿದ ಜಾಗವನ್ನು ಒತ್ತಿ. 796 ಸಿ.ಸಿ.ಯ ಇಂಜಿನ್ನನ್ನು ರಿಪೇರಿ ಮಾಡಿಸಬಹುದು, ಕೊಳೆತ ತಳಕ್ಕೆ ತೇಪೆ ಹಾಕಿಸುತ್ತಾ ಹೋದರೆ ಮುಗಿಯುವುದಿಲ್ಲ. ಸೈನೈಡ್ ದಿಬ್ಬಗಳ ಧೂಳು ಹಾರುವ ಊರಾದ್ದರಿಂದ ಏರ್ ಫಿಲ್ಟರನ್ನೂ ಬೇಗ ಬೇಗ ಬದಲಿಸಿ. ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಪೈಪು ಬದಲಿಸುವ ತನಕ ಮಕ್ಕಳನ್ನು ಅದರಲ್ಲಿ ಕೂರಿಸಬೇಡಿ.