ಟಿಬಿ ಮಾತ್ರೆ ನಡೆದಿದೆಯೇ? ಮಾಲಾ-ಎನ್ ಒಂದನ್ನೇ ನಂಬಬೇಡಿ

ಯಾಪಲದಿನ್ನಿ, ಮಾನ್ವಿ, ದೇವದುರ್ಗದ ಅಕ್ಕಂದಿರೇ, ಆಶಾ ಕಾರ್ಯಕರ್ತೆ ಕೊಡುವ ಮಾಲಾ-ಎನ್ ಗರ್ಭನಿರೋಧಕ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದರೂ ಗರ್ಭಿಣಿಯಾಗಬಹುದು. ಯಾವಾಗ? ಜೊತೆಗೆ ಟಿಬಿ ಚಿಕಿತ್ಸೆ ನಡೆದಿದ್ದರೆ.

ಟಿಬಿಗೆ ಸಾಮಾನ್ಯವಾಗಿ 6 ತಿಂಗಳು ಕೊಡುವ ಔಷಧಿಗಳಲ್ಲಿ ರಿಫಾಂಪಿಸಿನ್ ಇರುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಇದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಮಾಲಾ-ಎನ್‌ನ ಹಾರ್ಮೋನು ಬೇಗನೆ ಒಡೆದು, ಮೈಯಿಂದ ಹೊರಟುಹೋಗುತ್ತದೆ. ಒಂದರ ಬದಲು ಎರಡು ನುಂಗಿದರೆ ಸರಿಹೋದೀತು ಅಂದುಕೊಳ್ಳಬೇಡಿ. ಟಿಬಿ ಮಾತ್ರೆಯನ್ನಂತೂ ಬಿಡಲೇಬೇಡಿ, ಜೀವ ಉಳಿಸುವುದು ಅದು. ಬದಲಿಸಬೇಕಾದ್ದು ಗರ್ಭನಿರೋಧಕವನ್ನು. ಕಾಪರ್-ಟಿಗೆ ಈ ತೊಂದರೆಯಿಲ್ಲ, 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿಗೂ ಇಲ್ಲ. ಹಾಗೆ ಬದಲಿಸುವವರೆಗೆ ನಿರೋಧ್ (ಕಾಂಡೋಮ್) ಬಳಸಿ. ರಿಫಾಂಪಿಸಿನ್ ಮುಗಿದ ಮೇಲೂ 4 ವಾರ ಎಚ್ಚರ ಬೇಕು.

ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಹೀಗೇ. ಲ್ಯಾಮೊಟ್ರಿಜಿನ್ ಮಾತ್ರ ಉಲ್ಟಾ: ಮಾಲಾ-ಎನ್ ಸೇರಿದರೆ ಅದರ ಬಲವೇ ತಗ್ಗಿ ಫಿಟ್ಸ್ ಮರಳಬಹುದು. ಅಮಾಕ್ಸಿಸಿಲಿನ್‌ನಂಥ ಸಾಮಾನ್ಯ ಆ್ಯಂಟಿಬಯೋಟಿಕ್ ಮಾತ್ರೆಗೆ ಹೆದರಬೇಕಿಲ್ಲ, ವಾಂತಿ-ಭೇದಿ ಆಗದಿದ್ದರೆ ಸಾಕು.

ಮನೆಯವರೆದುರು ಹೇಳಲು ಸಂಕೋಚವೇ? ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕೆಂದು ಕೇಳಿ, ಅದು ನಿಮ್ಮ ಹಕ್ಕು. ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ದು ತೋರಿಸಿ.